ನೀಲವ್ವನ ಬಳೆ ಸದ್ದು

ನಾನು ಒಂದು ಹಾಡಿನ ರೆಕಾರ್ಡು. ಬಿಸಿ ಅಚ್ಚಿನಲ್ಲಿ ಒತ್ತಿಸಿಕೊಂಡು ಹುಟ್ಟಿದ ಕಪ್ಪು ತಟ್ಟೆ. ಆದರೆ ನನಗೆ ಜೀವ ಬಂದದ್ದು ಅದಕ್ಕೂ ಮೊದಲು, ಗದಗಿನ ನೀಲವ್ವ ವಚನ ಹಾಡಲು ಸ್ಟುಡಿಯೋದಲ್ಲಿ ಕುಳಿತಾಗ. ತೊಡೆ ತಟ್ಟಿ ತಾಳ ಹಾಕುವುದು ಆಕೆಯ ರೂಢಿ, ಕೈತುಂಬ ಹಸಿರು ಬಳೆ.

“ಬಳಿ ತಗೀರಿ ಅಮ್ಮಾರ, ಸಪ್ಪಳ ಬರ್ತೈತಿ,” ಎಂದ ಧ್ವನಿಮುದ್ರಣದವನು.

“ಮುತ್ತೈದಿ ಕೈ ಬರಿದು ಮಾಡೂದಿಲ್ರಿ. ಬೇಕಾದ್ರ ಹಾಡೂದ ಬಿಡ್ತೀನಿ.”

ಅವನು ಸೋತ. ಹಾಡಿನ ಜೊತೆ ಬಳೆಯೂ ನನ್ನ ಗೆರೆಗಳಲ್ಲಿ ಇಳಿಯಿತು. ಅದೇ ಅಚ್ಚಿನಲ್ಲಿ ನನ್ನ ಒಡಹುಟ್ಟಿದವರು ಬೆರಳೆಣಿಕೆಯಷ್ಟಿದ್ದರು. ಒಬ್ಬರೂ ಉಳಿಯಲಿಲ್ಲ.

ನೀಲವ್ವ ಮುತ್ತೈದೆಯಾಗಿಯೇ ತೀರಿಕೊಂಡಳು. ಗಂಡ ರುದ್ರಮುನಿಯಪ್ಪ ದಿನಾ ಬೆಳಿಗ್ಗೆ ನನ್ನನ್ನು ಹಚ್ಚಿ, ಬಳೆ ಸದ್ದಿಗೆ ಕಿವಿಗೊಟ್ಟು ಕೂರುತ್ತಿದ್ದ. ಆಕೆ ಪಕ್ಕದಲ್ಲೇ ಇದ್ದಾಳೆ ಅನ್ನಿಸಲು ಅವನಿಗೆ ಅಷ್ಟು ಸಾಕಿತ್ತು. ಮುಳ್ಳಿನಡಿ ತಿರುಗಿದಷ್ಟೂ ನಾನು ಸವೆದೆ. ಒಗ್ಗರಣೆ ಸಿಡಿದಂತೆ ಚಟಪಟ ಶುರುವಾಯಿತು. ಅವನಿಗೆ ಹೆದರಿಕೆಯಾಯಿತು, ನನಗೂ.

“ಸೀಡಿ ಮಾಡಿಸ್ರಿ ಅಜ್ಜಾರ, ಅದು ಸವಿಯೂದಿಲ್ಲ,” ಎಂದ ಕ್ಯಾಸೆಟ್ ಅಂಗಡಿಯ ಬಸಲಿಂಗ. ಅಜ್ಜ ನಂಬಿದ. ಸೀಡಿ ಕೈಗೆ ಬಂದಾಗ ನನ್ನನ್ನು ಅಂಗಡಿಯಲ್ಲೇ ಬಿಟ್ಟುಹೋದ. ನನಗೆ ಹೊಟ್ಟೆಕಿಚ್ಚಾಯಿತು ನಿಜ, ಆದರೆ ಸುಳ್ಳೇಕೆ ಹೇಳಲಿ? ಅದರಲ್ಲಿ ನೀಲವ್ವನ ದನಿ ತೊಳೆದಿಟ್ಟ ಹಾಗಿತ್ತು. ಒಂದು ಚಟಪಟವಿಲ್ಲ.

ವಾರ ಕಳೆಯುವ ಮೊದಲೇ ಅಜ್ಜ ಓಡಿ ಬಂದ. “ಬಳಿ ಎಲ್ಲಪಾ?”

“ಕಸ ಎಲ್ಲಾ ಸ್ವಚ್ಛ ಮಾಡೀನ್ರಿ,” ಎಂದ ಬಸಲಿಂಗ, ಹೆಮ್ಮೆಯಿಂದಲೇ. ಸ್ವಚ್ಛ ಮಾಡುವ ಮೊದಲಿನ ಪ್ರತಿಯನ್ನು ಕಂಪ್ಯೂಟರಿನಿಂದಲೂ ಅಳಿಸಿದ್ದ. ಸೀಡಿಯನ್ನು ನಾನು ಬೈಯಲಾರೆ. ಕೊಟ್ಟದ್ದನ್ನು ಅದು ಹಾಡಿತು, ಅಷ್ಟೇ.

ಅಷ್ಟರಲ್ಲಿ ಬಸಲಿಂಗ ನನ್ನನ್ನು ಸ್ಟೇಷನ್ ರಸ್ತೆಯ ಖಾನಾವಳಿಗೆ ಕೊಟ್ಟಾಗಿತ್ತು. ಅಲ್ಲಿ ನನ್ನ ಮೈಗೆ ಎಣ್ಣೆಬಣ್ಣ ಬಳಿದು, ಮೊಳೆ ಹೊಡೆದು, ಗಡಿಯಾರ ಮಾಡಿ ಗೋಡೆಗೆ ತೂಗುಹಾಕಿದ್ದರು. ಅಜ್ಜ ಹುಡುಕಿಕೊಂಡು ಬಂದು ನನ್ನನ್ನು ಕೆಳಗಿಳಿಸಿದ. ಉಗುರಿನಿಂದ ಬಣ್ಣ ಕೆರೆದ. ಬಣ್ಣದ ಜೊತೆ ನನ್ನ ಗೆರೆಯೂ ಕಿತ್ತು ಬಂತು. ಅವನ ಕೈ ನಿಂತಿತು.

“ಇರ್ಲಿ ಬಿಡ್ರಿ,” ಎಂದು ನನ್ನನ್ನು ಮಾಲೀಕನಿಗೆ ಕೊಟ್ಟ.

ಈಗ ನಾನಿರುವುದು ಅದೇ ಖಾನಾವಳಿಯಲ್ಲಿ, ಕೈತೊಳೆಯುವ ತೊಟ್ಟಿಯ ಮೇಲಿನ ಗೋಡೆಯಲ್ಲಿ. ಜನ ನನ್ನನ್ನು ನೋಡಿ ಹೊತ್ತಾಯಿತೆಂದು ಏಳುತ್ತಾರೆ. ಬಳೆ ಸದ್ದು ನನ್ನೊಳಗೆ ಎಲ್ಲೋ ಉಳಿದಿರಬಹುದು, ಆದರೆ ಅದನ್ನು ಯಾರಿಗೂ ಕೊಡಲಾರೆ. ಆ ಸಂಕಟ ಹೇಳತೀರದು. ಅಜ್ಜ ಕೆಲವೊಮ್ಮೆ ಚಹಾಕ್ಕೆ ಬಂದು ನನ್ನ ಎದುರಿಗೇ ಕೂರುತ್ತಾನೆ. ಕಣ್ಣು ಮುಚ್ಚಿ ತೊಡೆ ತಟ್ಟುತ್ತಾನೆ. ತಾಳ ತಪ್ಪುವುದಿಲ್ಲ. ಅವನ ಕೈಯಲ್ಲಿ ಬಳೆಯಿಲ್ಲ.