ಸುಂದರಿ ಮೇಡಂ ತುಂಬಿದ ಕೊನೆಯ ಪೆಟ್ಟಿಗೆ

ದೀಪ ಹಿಡಿದುಕೊಂಡು ಬಂದ ಜಾನಕಮ್ಮನನ್ನು ಪ್ರಿಯಂವದಾ ಹಿಂದಿನ ಕೋಣೆಯ ಹೊಸ್ತಿಲಲ್ಲೇ ಕೈ ಅಡ್ಡ ಹಿಡಿದು ತಡೆದಳು.

"ಬೇಡ ಅತ್ತೆ. ಈ ರೂಮಿಗೆ ಬೆಂಕಿ ತರಬಾರದು."

"ಏನೇ ಹಾಗಂದ್ರೆ? ನಿಮ್ಮಮ್ಮ ಪ್ರಾಣ ಬಿಟ್ಟಿದ್ದು ಆ ಕುರ್ಚೀಲಿ. ದೀಪ ಅಲ್ಲಿಡದೆ ಇನ್ನೆಲ್ಲಿಡ್ಲಿ, ಬೀದೀಲಾ?"

"ಒಳಗೆ ಮದ್ದಿದೆ. ಅಮ್ಮ ಒಂದು ಊದುಬತ್ತೀನೂ ಹಚ್ಚಕ್ಕೆ ಬಿಡ್ತಿರ್ಲಿಲ್ಲ."

"ಬದುಕಿದ್ದಾಗ್ಲೂ ನನ್ನ ಮಾತು ಕೇಳ್ಲಿಲ್ಲ ಮಹಾರಾಯ್ತಿ. ಈಗ ಮಗಳ ಕೈಲಿ ಹೇಳಿಸ್ತಿದಾಳೆ!" ಎಂದು ಗೊಣಗುತ್ತ ಜಾನಕಮ್ಮ ದೀಪವನ್ನು ತೆಗೆದುಕೊಂಡು ಹೋಗಿ ನಡುಮನೆಯಲ್ಲಿ, ಮಲಗಿಸಿದ್ದ ತಮ್ಮನ ಹೆಂಡತಿಯ ತಲೆಯ ಹತ್ತಿರ ಇಟ್ಟರು. ಇಟ್ಟವರೇ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು.

ತ್ರಿಪುರಸುಂದರಿ ಚಾಮರಾಜಪೇಟೆಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಫಿಸಿಕ್ಸ್ ಹೇಳಿಕೊಟ್ಟು ನಿವೃತ್ತರಾದವರು. ಶಂಕರಪುರದ ಅರ್ಧ ಜನಕ್ಕೆ ಅವರು ಸುಂದರಿ ಮೇಡಂ, ಇನ್ನರ್ಧಕ್ಕೆ ಗುಂಡಿನ ಮೇಡಂ. ರೈಫಲ್ ಕ್ಲಬ್ಬಿನವರು ಹೊಡೆದು ಬಿಟ್ಟ ಹಿತ್ತಾಳೆ ಚಿಪ್ಪುಗಳಿಗೆ ತಳದಲ್ಲಿ ಕಿಡಿ ಹಚ್ಚುವ ಹೊಸ ಕೇಪು, ಹೊಸ ಮದ್ದು, ಹೊಸ ಗುಂಡು ಕೂರಿಸಿ ಮತ್ತೆ ತೋಟಾ ಮಾಡಿಕೊಡುತ್ತಿದ್ದರು. ಅದಕ್ಕೆಂದೇ ಕ್ಲಬ್ಬು ಅನುಮತಿ ತಂದು, ಈ ಹಿಂದಿನ ಕೋಣೆಯಲ್ಲಿ ತೋಟಾ ತುಂಬುವ ಪ್ರೆಸ್ಸು ಹಾಕಿಸಿಕೊಟ್ಟಿತ್ತು. ನಿನ್ನೆ ಸಂಜೆ ಒಂದು ಪೆಟ್ಟಿಗೆ ತುಂಬಿ ಮುಗಿಸಿ ಕುರ್ಚಿಗೆ ಒರಗಿದವರು ಹಾಗೇ ಹೋಗಿಬಿಟ್ಟಿದ್ದರು. ಮುಚ್ಚಳ ತೆಗೆದ ಆ ಪೆಟ್ಟಿಗೆ ಇನ್ನೂ ಮೇಜಿನ ಮೇಲಿತ್ತು.

ನಡುಮನೆಯಲ್ಲಿ ಅಪ್ಪ ಚಿದಂಬರಯ್ಯನವರ ಮುಂದೆ ಮುನಿರಾಜ್ ಕೈ ಕಟ್ಟಿ ನಿಂತಿದ್ದ. ಕಲಾಸಿಪಾಳ್ಯದಲ್ಲಿ ತರಕಾರಿ ಮಂಡಿ ಇಟ್ಟಿದ್ದ ಅವನು ಕ್ಲಬ್ಬಿನಲ್ಲಿ ರಿವಾಲ್ವರ್ ಹಿಡಿದರೆ ಎದುರಿಗೆ ನಿಲ್ಲುವವರಿರಲಿಲ್ಲ. ರಾತ್ರಿ ರೈಲಿಗೆ ಚೆನ್ನೈ ಪಂದ್ಯಕ್ಕೆ ಹೊರಡಬೇಕಿತ್ತು.

"ಮ್ಯಾಚ್ ಬಿಟ್ಟಾಕ್ತೀನಿ ಸಾರ್. ಮೇಡಂ ಇಲ್ದೆ ನಂಗೆ ಮನಸ್ಸೇ ಇಲ್ಲ."

"ಹೋಗ್ಬೇಕು ಕಣಯ್ಯ. ಅವಳ ಕೈಯಲ್ಲಿ ತುಂಬಿದ ಕೊನೇ ಪೆಟ್ಟಿಗೆ ಅದು. ನಿಂಗೇಂತ್ಲೇ ತುಂಬಿದ್ದು. ಅದ್ರಲ್ಲೇ ಗೆದ್ಕೊಂಡು ಬಾ," ಎಂದರು ಚಿದಂಬರಯ್ಯ. ಅಷ್ಟು ದುಃಖದಲ್ಲೂ ಅವರ ಕತ್ತು ನೆಟ್ಟಗಿತ್ತು.

ಕ್ಲಬ್ಬಿನ ಕಾರ್ಯದರ್ಶಿ ಮರಿಯಣ್ಣ ತಮ್ಮ ಬಲಗೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿದರು. ಹೆಬ್ಬೆರಳಿನ ತುದಿ ಇರಲಿಲ್ಲ. "ಇದು ಹೋಗಿದ್ದು ಮೇಡಂ ಬರೋಕ್ಕೆ ಮುಂಚೆ ಸ್ವಾಮಿ. ಅವ್ರು ಬಂದ್ಮೇಲೆ ಒಬ್ಬನ ಉಗುರೂ ಹೋಗಿಲ್ಲ!"

*

ಅದು ತೊಂಬತ್ತಮೂರನೇ ಇಸವಿ. ಮರಿಯಣ್ಣ ಯಾರೋ ಪರಿಚಯದವನ ಕೈಯಲ್ಲಿ ತುಂಬಿಸಿಕೊಂಡು ಬಂದ ತೋಟಾ ರಿವಾಲ್ವರಿನಲ್ಲೇ ಸಿಡಿದು, ಸಿಲಿಂಡರು ಬಾಯಿ ಬಿಟ್ಟಿತ್ತು. ಮದ್ದು ಜಾಸ್ತಿ ಹಾಕಿದ್ದಾನೆ ಎಂದು ಎಲ್ಲರೂ ಅವನನ್ನು ಬಯ್ದರು. ಹವ್ಯಾಸಕ್ಕೆಂದು ಕ್ಲಬ್ಬಿಗೆ ಹೋಗುತ್ತಿದ್ದ ಚಿದಂಬರಯ್ಯ, ಅವನೇ ತುಂಬಿದ್ದರಲ್ಲಿ ಉಳಿದಿದ್ದ ತೋಟಾಗಳನ್ನು ಮನೆಗೆ ತಂದು ಹೆಂಡತಿಗೆ ತೋರಿಸಿದರು.

ಸುಂದರಿ ಮೇಡಂ ಒಂದೊಂದನ್ನೇ ಬಿಚ್ಚಿ ತೂಗಿದರು. ಮದ್ದು ಸರಿಯಾಗಿಯೇ ಇತ್ತು. ಗುಂಡು ಮಾತ್ರ ಕೆಲವುಗಳಲ್ಲಿ ಉಗುರಿನ ದಪ್ಪದಷ್ಟು ಒಳಕ್ಕೆ ಇಳಿದಿತ್ತು.

"ನೋಡೇ ಪ್ರಿಯಾ," ಎಂದು ಕಾಲೇಜಿಗೆ ಹೋಗುತ್ತಿದ್ದ ಮಗಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. "ಗುಂಡು ಒಳಗೆ ಇಳಿದಷ್ಟೂ ಮದ್ದಿನ ಜಾಗ ಕಮ್ಮಿ. ಮದ್ದು ಅಷ್ಟೇ, ಜಾಗ ಕಮ್ಮಿ. ಆಗ ಒತ್ತಡ ಏನಾಗತ್ತೆ? ಕುಕ್ಕರಿಗೆ ಕಂಠಮಟ್ಟ ಬೇಳೆ ತುಂಬಿ ಅಡುಗೆಮನೆ ಸೂರಿಗೆಲ್ಲ ಹುಳಿ ಬಳಿದಿದ್ರಲ್ಲ ನಿಮ್ಮತ್ತೆ, ಹಾಗೆ."

ಆ ಮಾತು ಜಾನಕಮ್ಮನ ಕಿವಿಗೆ ಬಿದ್ದು ಎರಡು ಹಬ್ಬಕ್ಕೆ ಅವರು ಈ ಮನೆ ಕಡೆ ತಲೆ ಹಾಕಲಿಲ್ಲ. ಮುಂದಿನ ತಿಂಗಳು ಮರಿಯಣ್ಣ ಬ್ಯಾಂಡೇಜು ಕಟ್ಟಿದ ಕೈಯಲ್ಲೇ ಹಣ್ಣಿನ ಬುಟ್ಟಿ ಹಿಡಿದುಕೊಂಡು ಬಂದು, ಇನ್ನು ಮೇಲೆ ನೀವೇ ತುಂಬಿಕೊಡಬೇಕು ಮೇಡಂ ಎಂದು ಕೇಳಿಕೊಂಡರು. ಅವರು ಒಪ್ಪಿದರು, ಒಂದು ಷರತ್ತಿನ ಮೇಲೆ. ಒಂದು ತೋಟಾದ ಮೇಲೆ ಅನುಮಾನ ಬಂದರೂ ಪೂರ್ತಿ ಪೆಟ್ಟಿಗೆ ಬಿಚ್ಚುತ್ತೇನೆ, ಯಾರೂ ಅವಸರ ಮಾಡಕೂಡದು.

*

ಗಂಡಸರು ಚಾಮರಾಜಪೇಟೆ ಸ್ಮಶಾನಕ್ಕೆ ಹೊರಟ ಮೇಲೆ ಮನೆ ಬಿಕೋ ಎಂದಿತು. ಪ್ರಿಯಂವದಾ ಹಿಂದಿನ ಕೋಣೆಗೆ ಹೋಗಿ ಅಮ್ಮನ ಕುರ್ಚಿಯಲ್ಲಿ ಕೂತಳು. ಪೆಟ್ಟಿಗೆ ಮುಚ್ಚಿ ಮುನಿರಾಜನಿಗೆ ಕೊಡುವುದಷ್ಟೇ ಕೆಲಸ. ಆದರೂ ಕಲಿತ ಕೈ ಸುಮ್ಮನಿರಲಿಲ್ಲ. ಸ್ಟೀಲ್ ಸ್ಕೇಲನ್ನು ಸಾಲು ಸಾಲಾಗಿ ಗುಂಡುಗಳ ತುದಿಯ ಮೇಲೆ ಅಡ್ಡ ಇಟ್ಟು, ಕಿಟಕಿಯ ಬೆಳಕಿಗೆ ಬಗ್ಗಿ ನೋಡುತ್ತ ಬಂದಳು. ಎಲ್ಲ ತುದಿಯೂ ಸ್ಕೇಲಿಗೆ ಮುಟ್ಟಿದ್ದವು.

ಕೊನೆಯ ಸಾಲಿನಲ್ಲಿ ಸ್ಕೇಲಿನ ಕೆಳಗೆ ಬೆಳಕು ನುಸುಳಿತು. ಒಂದು ಕಡೆಯಲ್ಲ, ಮೂರು ಕಡೆ.

ಈ ಮೂರನ್ನು ತುಂಬುವಾಗ ಅಮ್ಮನಿಗೆ ಏನಾಗುತ್ತಿತ್ತು? ಎದೆ ಹಿಡಿದುಕೊಂಡಿತ್ತೇ, ಕಣ್ಣು ಕತ್ತಲೆ ಬಂದಿತ್ತೇ? ಒಂದು ಕೂಗು ಹಾಕಬಾರದಿತ್ತೇ? ಅಳು ಒತ್ತರಿಸಿ ಬಂತು. ಮದ್ದಿನ ಡಬ್ಬಿ ಪಕ್ಕದಲ್ಲಿದೆಯೆಂದು ಮುಖ ಆ ಕಡೆ ತಿರುಗಿಸಿಕೊಂಡು ಅತ್ತಳು.

*

ಸ್ಮಶಾನದಿಂದ ಬಂದು ಸ್ನಾನ ಮಾಡಿದ ಅಪ್ಪನನ್ನು ಕೋಣೆಗೆ ಕರೆದು ಸ್ಕೇಲು ಇಟ್ಟು ತೋರಿಸಿದಳು. ಚಿದಂಬರಯ್ಯ ಬಹಳ ಹೊತ್ತು ಬಗ್ಗಿಯೇ ಇದ್ದರು.

"ಆ ಮೂರು ತೆಗೆದುಬಿಡು. ಯಾರಿಗೂ ಹೇಳಬೇಡ," ಎಂದರು ಕೊನೆಗೆ.

"ಅಮ್ಮನ ಕೈ ಯಾವಾಗಿಂದ ನಡುಗ್ತಿತ್ತು ಅಂತ ನಂಗೊತ್ತಿಲ್ಲ ಅಪ್ಪ. ಮದ್ದೂ ಹೆಚ್ಚುಕಮ್ಮಿ ಆಗಿರಬಹುದು. ಪೂರ್ತಿ ಬಿಚ್ಚಬೇಕು."

"ಬಿಚ್ಚಬೇಕಾ? ಇವತ್ತೇ? ಅಲ್ಲಿ ಮರಿಯಣ್ಣ ಊರಿಗೆಲ್ಲ ಸಾರ್ತಿದಾನೆ, ಮೇಡಂ ಕೈ ತಪ್ಪಿದ್ದೇ ಇಲ್ಲ ಅಂತ. ಅವಳನ್ನ ಸುಟ್ಟು ಬಂದು ಇನ್ನೂ ತಲೆ ಒಣಗಿಲ್ಲ ಕಣೇ. ಅವಳ ಹೆಸರು ನಾವೇ ಕೆಡಿಸ್ಬೇಕಾ?"

"ಆ ಹೆಸರು ಹೆಂಗೆ ಬಂತು ಅಪ್ಪ? ಅನುಮಾನ ಬಂದಾಗೆಲ್ಲ ಬಿಚ್ಚಿದ್ದಕ್ಕೇ ತಾನೇ? ಈಗ ಅವಳೇ ಇಲ್ಲಿ ಕೂತಿದ್ದಿದ್ರೆ ನಿಮ್ಮನ್ನ ಕೇಳ್ತಿದ್ಲಾ?"

ಚಿದಂಬರಯ್ಯ ಪೆಟ್ಟಿಗೆಯ ಅಂಚನ್ನು ಒಮ್ಮೆ ಸವರಿದರು. ಆಮೇಲೆ ಹೊರಗೆ ನಡೆದು, ತುಂಬಿದ ನಡುಮನೆಯಲ್ಲಿ ನಿಂತು ಗಟ್ಟಿಯಾಗಿ ಹೇಳಿದರು.

"ಮುನಿರಾಜ್, ಸ್ವಲ್ಪ ತಡ ಆಗತ್ತೆ. ಕೊನೇ ಸಾಲು ತುಂಬೋವಾಗ ಅವಳಿಗೆ ಹುಷಾರಿರ್ಲಿಲ್ಲ, ಮೂರು ತೋಟಾ ಕೆಟ್ಟಿದೆ. ನನ್ನ ಮಗಳು ಪೆಟ್ಟಿಗೆ ಬಿಚ್ಚಿ ಮತ್ತೆ ತುಂಬ್ತಾಳೆ."

ಮರಿಯಣ್ಣ ತಲೆ ತಗ್ಗಿಸಿದರು. ಜಾನಕಮ್ಮ ಮಾತ್ರ ಎದ್ದು ನಿಂತರು. "ಸೂತಕದಲ್ಲಿ ಕೆಲಸಾನಾ? ಯಾರಾದ್ರೂ ಕೇಳಿದ್ರೆ ಏನಂತಾರೆ?"

"ಅಕ್ಕ, ಆ ಹುಡುಗನ ಕೈ ಹೋದ್ರೆ ಸೂತಕ ಕಳೆದ್ಮೇಲೆ ವಾಪಸ್ ಬರತ್ತಾ?"

ಜಾನಕಮ್ಮ ಮತ್ತೆ ಕೂತುಕೊಂಡರು.

ಕೊಡತಿಯಂಥ ಉಪಕರಣಕ್ಕೆ ತೋಟಾ ಸಿಕ್ಕಿಸಿ ಮರದ ದಿಮ್ಮಿಗೆ ಬಡಿದರೆ ಗುಂಡು ಕಳಚಿ ಬರುತ್ತದೆ. ಮಧ್ಯಾಹ್ನವೆಲ್ಲ ಆ ಮನೆಯಿಂದ ಬಡಿತ ಕೇಳುತ್ತಿತ್ತು. ಮದ್ದನ್ನು ಮತ್ತೆ ತೂಗಿ, ಗುಂಡನ್ನು ಮತ್ತೆ ಕೂರಿಸಿ, ಪ್ರತಿಯೊಂದನ್ನೂ ಅಳೆದು ಇಟ್ಟಳು ಪ್ರಿಯಂವದಾ. ಅಮ್ಮ ಪಕ್ಕದಲ್ಲಿಲ್ಲದೆ ಅವಳು ಒಂದು ಪೆಟ್ಟಿಗೆ ತುಂಬಿದ್ದು ಅದೇ ಮೊದಲು.

*

ಮುಚ್ಚಿದ ಪೆಟ್ಟಿಗೆಯನ್ನು ಮುನಿರಾಜ್ ಕೈಗೆ ತೆಗೆದುಕೊಳ್ಳಲಿಲ್ಲ. "ಅಕ್ಕ, ಬೇಜಾರ್ ಮಾಡ್ಕೋಬೇಡಿ. ಮೇಡಂ ಯಾವತ್ತೂ ಮೊದಲ್ನೇ ಗುಂಡು ತಾವೇ ಹೊಡ್ದು ಆಮೇಲೆ ಕೊಡ್ತಿದ್ರು," ಎಂದ.

"ಗೊತ್ತು. ನಡಿ, ಆಟೋ ಕರಿ."

ಕ್ಲಬ್ಬಿನ ರೇಂಜಿನಲ್ಲಿ ಸಂಜೆಯ ಬಿಸಿಲು ಮಣ್ಣಿನ ದಿಬ್ಬದ ಮೇಲೆ ಬಿದ್ದಿತ್ತು. ಪ್ರಿಯಂವದಾ ಕನ್ನಡಕ ಹಾಕಿಕೊಂಡು, ತೆಗೆದ ಪೆಟ್ಟಿಗೆಯಿಂದ ಕಣ್ಣು ಮುಚ್ಚಿ ಯಾವುದೋ ಒಂದು ತೋಟಾ ಎತ್ತಿ ಮುನಿರಾಜನ ರಿವಾಲ್ವರಿಗೆ ಹಾಕಿದಳು. "ನೀನು ಹಿಂದೆ ಗೋಡೆ ಹತ್ರ ಹೋಗು," ಎಂದಳು ಅವನಿಗೆ.

"ಇಲ್ಲೇ ಇರ್ತೀನಿ ಅಕ್ಕ."

ಬಯ್ದರೂ ಅವನು ಕದಲಲಿಲ್ಲ. ಅವಳು ಉಸಿರು ಹಿಡಿದು ರಿವಾಲ್ವರಿನ ಕುದುರೆ ಎಳೆದಳು. ಸದ್ದು ದಿಬ್ಬಕ್ಕೆ ಬಡಿದು ವಾಪಸು ಬಂತು. ಅವಳ ಬೆರಳೆಲ್ಲ ಇದ್ದವು. ಸಿಲಿಂಡರು ತೆರೆದು ಚಿಪ್ಪನ್ನು ಹೊರತೆಗೆದಳು. ಒತ್ತಡ ಮೀರಿದ್ದರೆ ತಳದ ಕೇಪು ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ಇದರ ಅಂಚು ಗುಂಡಗೆ, ಹೊಸದರ ಹಾಗೇ ಇತ್ತು. ಮುನಿರಾಜ್ ಪೆಟ್ಟಿಗೆ ಎತ್ತಿ ಚೀಲದೊಳಗೆ ಇಟ್ಟುಕೊಂಡ.

ಕ್ಲಬ್ಬಿನ ಆಫೀಸಿನಿಂದ ಮನೆಗೆ ಫೋನ್ ಮಾಡಿದಳು. ಒಂದೇ ರಿಂಗಿಗೆ ಅಪ್ಪ ಎತ್ತಿದರು.

"ಹೇಳು."

"ಕೇಪು ಗುಂಡಗಿದೆ ಅಪ್ಪ."

ಆ ಕಡೆ ಮೂಗು ಸೀಟುವ ಶಬ್ದ. ರಿಸೀವರ್ ಕೆಳಗಿಡುವುದನ್ನು ಮರೆತು ಅವರು ನಡುಮನೆಯ ಕಡೆ ತಿರುಗಿರಬೇಕು. ಹಳೆಯ ಜಂಬದ ದನಿ ತಂತಿಯುದ್ದಕ್ಕೂ ಕೇಳಿಸಿತು. "ಏ ಮರಿಯಣ್ಣ, ನನ್ನ ಮಗಳು ತುಂಬಿದ್ದು! ಕೇಳಿಸ್ತೇನ್ರೋ ಎಲ್ರಿಗೂ?"

ಪ್ರಿಯಂವದಾ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದಳು. ಇನ್ನೊಂದು ಕೈಯ ಮುಷ್ಟಿಯಲ್ಲಿ ಹಿತ್ತಾಳೆಯ ಚಿಪ್ಪು ಇನ್ನೂ ಬೆಚ್ಚಗಿತ್ತು.