ಆಯತ್ ಬಸ್ಸು ಬಿಟ್ಟ ಕಾರಣ

ಶಾಲೆಯ ಹಳದಿ ಬಸ್ಸು ಬರುವ ಹೊತ್ತಿಗೇ ಮಗುವಿಗೆ ಹೊಟ್ಟೆನೋವು ಶುರುವಾದರೆ ಏನೋ ಇದೆ ಎಂದು ತಾಯಂದಿರಿಗೆ ಗೊತ್ತಾಗುತ್ತದೆ. ಆದರೂ ನಾವು ಓಂಕಾಳಿನ ಕಷಾಯ ಕುಡಿಸುತ್ತೇವೆ. ಅಮೆರಿಕದ ಬೋಲಿಂಗ್‌ಬ್ರೂಕಿನ ನಮ್ಮ ಬಡಾವಣೆಯಲ್ಲಿ ನಜ್ಮುನ್ನೀಸಾ ಎರಡು ವಾರ ಅದನ್ನೇ ಮಾಡಿದಳು. ಅವಳು ದಾವಣಗೆರೆಯವಳು, ಪಕ್ಕದ ಮನೆಯ ನಾನು ಮೈಸೂರಿನ ಸರೋಜ. ಅವಳ ಮಗಳು ಆಯತ್‌ಗೆ ಹನ್ನೊಂದು ವರ್ಷ.

ಕೊನೆಗೆ ಆಯತ್ ಬಾಯಿಬಿಟ್ಟಳು. ಬಸ್ಸಿನಲ್ಲಿ ಇಬ್ಬರು ದೊಡ್ಡ ಹುಡುಗರು ಅವಳ ಹಿಜಾಬ್ ಎಳೆಯುತ್ತಿದ್ದರಂತೆ. "ನಿಮ್ಮಪ್ಪನ್ನ ಇಮಿಗ್ರೇಷನ್ ಪೊಲೀಸರು ಹಿಡ್ಕೊಂಡು ಹೋಗ್ತಾರೆ" ಎನ್ನುತ್ತಿದ್ದರಂತೆ. ಮಗು ಅದನ್ನು ನಂಬಿಬಿಟ್ಟಿತ್ತು. ಅಪ್ಪ ಅಲೀಮ್ ಕೆಲಸದಿಂದ ಬರುವುದು ಹತ್ತು ನಿಮಿಷ ತಡವಾದರೂ ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ.

ಇದು ತಿಳಿದ ಮೇಲೆ ನಜ್ಮುನ್ನೀಸಾ ಏನು ಮಾಡಿದಳು ಗೊತ್ತೆ? ಶಾಲೆಗೆ ಈಮೇಲ್ ಕಳಿಸಿದಳು. ಇನ್ನು ಮೇಲೆ ಬಸ್ಸು ಬೇಡ, ನಾವೇ ಬಿಡುತ್ತೇವೆ, ಇಷ್ಟು ದಿನ ನೋಡಿಕೊಂಡದ್ದಕ್ಕೆ ತುಂಬಾ ಥ್ಯಾಂಕ್ಸ್! ಡ್ರೈವರಿಗೆ ಒಂದು ಡಬ್ಬಿ ರವೆ ಉಂಡೆ ಬೇರೆ. ನನಗೆ ಮೈಯೆಲ್ಲ ಉರಿದುಹೋಯಿತು.

"ಅಲ್ವೇ, ಏಟು ತಿಂದವರೇ ಉಂಡೆ ಹಂಚೋದಾ?" ಎಂದೆ.

"ಸುಮ್ನಿರಿ ಆಂಟಿ. ಇವರದ್ದು ಗ್ರೀನ್ ಕಾರ್ಡ್ ಅಪ್ಲೈ ಮಾಡಿದೀವಿ. ಕಂಪ್ಲೇಂಟ್ ಅಂತ ಹೋದ್ರೆ ಹೆಸರು ಎಲ್ಲೆಲ್ಲಿಗೆ ಹೋಗತ್ತೋ ಏನೋ. ದಿನಾ ನಾಲ್ಕು ಮೈಲಿ ಡ್ರೈವ್ ಮಾಡಿದ್ರಾಯ್ತು. ಇಲ್ಲದ ಉಸಾಬರಿ ಯಾಕೆ?"

"ನಿನ್ನ ಮಗಳ ತಲೆ ಮೇಲಿನ ಬಟ್ಟೆ ಎಳೆದಿದ್ದು ಇಲ್ಲದ ಉಸಾಬರಿನಾ?"

ನಿಜ ಹೇಳುತ್ತೇನೆ, ಒಳಗೊಳಗೆ ನನಗೂ ಹೆದರಿಕೆಯೇ.

ಆಗ ನಜ್ಮುನ್ನೀಸಾಳ ಮನೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದವಳು ಎದುರು ಮನೆಯ ಬೆರ್ಫಿನ್. ಟರ್ಕಿ ದೇಶದವಳು, ಅಲ್ಲಿನ ಅಲ್ಪಸಂಖ್ಯಾತ ಕುರ್ದ್ ಜನರವಳು. ವಿಷಯ ಏನೆಂದು ಕೇಳಿದಳು, ಹೇಳಿದೆವು. ಅವಳು ಇಂಗ್ಲಿಷಿನಲ್ಲಿ ಆಡಿದ್ದನ್ನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನಮ್ಮಲ್ಲಿ ಶಾಲೆಯಲ್ಲಿ ಕುರ್ದಿ ಭಾಷೆ ಕಲಿಸೋ ಹಾಗೇ ಇರಲಿಲ್ಲ. ಯುರೋಪಿಯನ್ ಒಕ್ಕೂಟಕ್ಕೆ ಸೇರಬೇಕು ಅಂತ ದೇಶ ಹೊರಟ ಮೇಲೆ ಒಂದೊಂದೇ ಕಾನೂನು ಸಡಿಲ ಆಯ್ತು. ಆಮೇಲೆ ಐದನೇ ಕ್ಲಾಸಿಂದ ಕುರ್ದಿ ಆರಿಸ್ಕೋಬಹುದು ಅಂತಾನೂ ಬಂತು. ಆದ್ರೆ ಹತ್ತು ಮಕ್ಕಳಾದ್ರೂ ಸೇರಬೇಕು, ಅಪ್ಪ ಅಮ್ಮ ಅರ್ಜಿ ಕೊಡಬೇಕು."

"ಒಳ್ಳೇದೇ ಆಯ್ತಲ್ಲ," ಎಂದಳು ನಜ್ಮುನ್ನೀಸಾ.

"ಹೆಸರು ಬರೆದ್ರೆ ಪೊಲೀಸರ ಪಟ್ಟಿ ಸೇರತ್ತೆ ಅಂತ ಎಲ್ಲರಿಗೂ ಭಯ. ನಮ್ಮ ಶಾಲೆಗೆ ಬಂದಿದ್ದು ಒಂಬತ್ತೇ ಅರ್ಜಿ. ನನ್ನ ಮಗನ ಅರ್ಜಿ ನನ್ನ ಬ್ಯಾಗಲ್ಲೇ ಇತ್ತು, ನಾನು ಕೊಡಲಿಲ್ಲ." ಬೆರ್ಫಿನ್ ಕಣ್ಣೊರೆಸಿಕೊಂಡಳು. "ಕ್ಲಾಸು ಶುರು ಆಗಲೇ ಇಲ್ಲ. ಕುರ್ದಿ ಬೇಕು ಅನ್ನೋರು ಇಲ್ಲಿ ಸಾಕಷ್ಟು ಜನ ಇಲ್ಲ ಅಂತ ಶಾಲೆಯವರು ಬರ್ಕೊಂಡ್ರು. ನಾವು ಹೆದರಿದ್ವಿ ಅಂತ ಯಾರೂ ಬರ್ಕೊಳ್ಳಲಿಲ್ಲ."

ನಜ್ಮುನ್ನೀಸಾ ನನ್ನ ಮುಖ ನೋಡಿದಳು. "ಆಂಟಿ, ನನ್ನ ಈಮೇಲೂ ಹಂಗೇ ಆಯ್ತಾ?"

"ಮತ್ತಿನ್ನೇನು? ಶಾಲೆಯವರ ಹತ್ರ ಇರೋದು ನಿನ್ನ ಥ್ಯಾಂಕ್ಸ್ ಒಂದೇ. ನಾಳೆ ಆ ಸೀಟಲ್ಲಿ ಇನ್ನೊಂದು ಮಗು ಕೂರತ್ತೆ."

ಸಂಜೆ ಅಲೀಮ್ ಬಂದ. ಅವನೂ ಬೇಡವೇ ಬೇಡ ಎಂದ. ನಾನು ಬಿಡಲಿಲ್ಲ, ಅವನ ವೀಸಾ ವಕೀಲರಿಗೇ ಫೋನ್ ಹಚ್ಚಿಸಿದೆ. "ಮಗೂಗೆ ರಕ್ಷಣೆ ಕೇಳೋದು ತಪ್ಪಲ್ಲ. ಶಾಲೆಗೆ ದೂರು ಕೊಟ್ಟಿದ್ದಕ್ಕೆ ನಿಮ್ಮ ಅರ್ಜಿ ಕೆಡಲ್ಲ," ಎಂದರು ಅವರು. ಎಲ್ಲರೂ ಕೂತು ಬರೆದೆವು: ಯಾವ ತಾರೀಖು, ಯಾವ ಬಸ್ಸು, ಏನು ಮಾಡಿದರು, ಏನಂದರು, ಯಾರು ನೋಡಿದರು.

ಕಳಿಸುವ ಹೊತ್ತಿಗೆ ಅಲೀಮ್ ಮತ್ತೆ ತಡೆದ. "ಹೆಸರು ಬೇಡ ಆಂಟಿ. ಒಬ್ಬ ಹುಡುಗಿ ಅಂತ ಹಾಕಿದ್ರೆ ಸಾಕಲ್ಲ?"

ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದ ಆಯತ್ ಎದ್ದು ನಿಂತಳು. "ನೋ, ಅಬ್ಬಾ. ಪುಟ್ ಮೈ ನೇಮ್. ಇಟ್ ಹ್ಯಾಪನ್ಡ್ ಟು ಮಿ."

ಅಲೀಮ್ ಮಗಳ ಪೂರ್ತಿ ಹೆಸರು ಬರೆದು ಕಳಿಸಿದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮಗು ಶಾಲೆಗೆ ಹೋಗಲು ಹೆದರುತ್ತಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ನಡೆದದ್ದನ್ನು ತಾರೀಖಿನ ಸಮೇತ ಬರೆದು ಶಾಲೆಗೆ ಕೊಡಿ, ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಉತ್ತರವನ್ನೂ ಬರಹದಲ್ಲೇ ಕೇಳಿ. ಇಂಗ್ಲಿಷ್ ತೊಡಕಾದರೆ ನಮ್ಮ ಭಾಷೆ ಬಲ್ಲ ದುಭಾಷಿಯನ್ನು ಕೊಡಿ ಎಂದು ಶಾಲೆಗೆ ಹೇಳಿ. ವೀಸಾದ ಚಿಂತೆಯಿದ್ದರೆ ವಕೀಲರನ್ನು ಕೇಳಿ, ವಾಟ್ಸಾಪಿನವರನ್ನಲ್ಲ. ಹೆದರಿಕೆ ಹೋದ ಮೇಲೆ ಬರೆಯೋಣ ಎಂದು ಮಾತ್ರ ಕಾಯಬೇಡಿ. ಅಲೀಮನ ಹೆದರಿಕೆ ಕೊನೆಯವರೆಗೂ ಹೋಗಲೇ ಇಲ್ಲ. ಹೆದರುತ್ತಲೇ ಅವನು ಕಳಿಸಿದ. ನೀವೂ ಕಳಿಸಿ.