ಪೂರ್ವಕ್ಕೆ ತಿರುಗಿದ ಪರದೆ

ಆಯುಧಪೂಜೆಯ ಮಾರನೆಯ ಬೆಳಿಗ್ಗೆ ಮಹಡಿಯ ಮೇಲಿದ್ದ ಸದಾಶಿವಯ್ಯನವರ ಕಂಪ್ಯೂಟರ್ ಸೆಂಟರಿನ ಬಾಗಿಲು ತೆಗೆದು ಸ್ವಿಚ್ ಹಾಕಿದೆ. ಪೆಟ್ಟಿಗೆಯೊಳಗಿನ ಫ್ಯಾನ್ ಗೊರ್ ಎಂದಿತು. ಪಕ್ಕದ ಪರದೆ ಮಾತ್ರ ಕಪ್ಪಗೇ ಉಳಿಯಿತು. ಆರಿಸಿ ಮತ್ತೆ ಹಾಕಿದೆ. ಆಗಲೂ ಕಪ್ಪು.

ಬೇರೆ ದಿನವಾಗಿದ್ದರೆ ಅಷ್ಟು ಹೆದರುತ್ತಿರಲಿಲ್ಲ. ಅಂದು ಕುಣಿಗಲ್ಲಿನಿಂದ ನನ್ನ ಸೋದರಮಾವ ನೂರ್ ಅಹಮದ್ ಮಾಮು ಬರುವವರಿದ್ದರು. ಅವರ ಮಗ ಏಜಾಜನಿಗೆ ನನ್ನನ್ನು ತಂದುಕೊಳ್ಳುವುದೆಂದು ನಾನು ಫ್ರಾಕ್ ಹಾಕುತ್ತಿದ್ದ ಕಾಲದಿಂದಲೂ ಮಾತು. ಏಜಾಜ್ ಕೆಟ್ಟವನಲ್ಲ. ಆದರೆ ಆ ಮನೆಯ ಸೊಸೆಯರು ಅಡುಗೆಮನೆಯ ಹೊಸಿಲು ದಾಟಿದ್ದನ್ನು ನಾನು ನೋಡಿಲ್ಲ. ನಾನೋ, ಎಂಬತ್ತೇಳನೇ ಇಸವಿಯ ತುಮಕೂರಿನಲ್ಲಿ, ನನಗಿಂತ ದೊಡ್ಡ ಗಂಡಸರಿಗೆ ಕಂಪ್ಯೂಟರ್ ಕಲಿಸುತ್ತಿದ್ದವಳು. ಮಾಮು ನನ್ನ ಅಬ್ಬಾಗೆ ಹೇಳಿಕಳಿಸಿದ್ದರು: "ಆ ಡಬ್ಬಿ ಮುಂದೆ ಕೂತು ರಝಿಯಾ ಏನ್ ಮಾಡ್ತಾಳೋ ನಾನೇ ಬಂದು ನೋಡ್ತೀನಿ. ಕೆಲಸ ಅನ್ನೋಂಗಿದ್ರೆ ಒಂದ್ ವರ್ಷ ತಡೆಯೋಣ. ಇಲ್ಲಾಂದ್ರೆ ಈ ತಿಂಗಳೇ ನಿಕಾಹ್."

ಕಪ್ಪು ಗಾಜು ತೋರಿಸಿ ಇದೇ ನನ್ನ ಕೆಲಸ ಎನ್ನಲೇ? ಮಾಮು ನಗುವುದು ಕೂಡ ಇಲ್ಲ, ನೇರ ತಾರೀಖು ಕೇಳುತ್ತಾರೆ.

ಸಹಾಯಕ್ಕೆ ಯಾರೂ ಇರಲಿಲ್ಲ. ಸದಾಶಿವಯ್ಯನವರು ಹಬ್ಬಕ್ಕೆ ಹೆಂಡತಿಯೊಂದಿಗೆ ಗುಬ್ಬಿಗೆ, ಮಾವನ ಮನೆಗೆ ಹೋಗಿದ್ದರು. ಯಂತ್ರ ರಿಪೇರಿ ಮಾಡುವವರು ಇದ್ದದ್ದು ಬೆಂಗಳೂರಿನಲ್ಲಿ. ಇದ್ದವರೆಂದರೆ ಸದಾಶಿವಯ್ಯನವರ ತಾಯಿ ಸಿದ್ದಗಂಗಮ್ಮ ಒಬ್ಬರೇ. ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು, ಸೆರಗಿನೊಳಗೆ ಕೈ ಮುದುಡಿಕೊಂಡು, ನನ್ನನ್ನೇ ಪಿಳಿಪಿಳಿ ನೋಡುತ್ತಿದ್ದರು.

ನನಗೆ ಹೆದರಿಕೆಯಾದರೆ ಮೊದಲು ಬರುವುದು ಸಿಟ್ಟು. "ಹಂಗ್ ನೋಡ್ಬೇಡಿ ಅಜ್ಜಿ, ಕೆಲಸ ಕೆಡುತ್ತೆ" ಎಂದೆ. ಪರದೆಯ ಕೆಳಗಿನ ಹಸಿರು ದೀಪ ಉರಿಯುತ್ತಿತ್ತು, ಅಂದರೆ ಅದಕ್ಕೆ ಕರೆಂಟು ಇತ್ತು. ಬೆಳಕಿನ ತಿರುಗಣೆಯನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿದೆ. ಪ್ಲಗ್ಗು ಬೇರೆ ಕಡೆ ಚುಚ್ಚಿದೆ. ಸ್ವಿಚ್ ಹಾಕಿದಾಗ ಪೆಟ್ಟಿಗೆ ಎಂದಿನಂತೆ ಒಮ್ಮೆ ಕುಯ್ ಎಂದಿತ್ತಲ್ಲ, ಅದೂ ಬದುಕಿತ್ತು. ಎರಡೂ ಬದುಕಿದ್ದು ಒಂದಕ್ಕೊಂದು ಮಾತಾಡದಿದ್ದರೆ? ಗಾಜಿನ ಮೇಲೆ ಹಿಂದಿನ ದಿನದ ಮೂರೆಳೆ ವಿಭೂತಿ ಹಾಗೇ ಇತ್ತು. ವಿಭೂತಿಯ ಪುಡಿಯೇ ಒಳಗೆ ಹೋಗಿ ಸುಟ್ಟಿರಬಹುದೆಂದು ಅನ್ನಿಸಿತು.

ಮೇಜಿನ ಹಿಂದೆ ಬಗ್ಗಿದಾಗ ಕಿಟಕಿಯ ಬದಿಯಲ್ಲಿ ಸೇವಂತಿಗೆಯ ಎಸಳು, ಕರ್ಪೂರದ ಮಸಿ ಕಂಡವು. ಅಲ್ಲಿಗೆ ಯಾರೂ ಹೋಗುವುದಿಲ್ಲ. ನಾವು ಕೂರುವುದು ಈಚೆ ಕಡೆ, ಪರದೆಯ ಮುಖ ಪಶ್ಚಿಮಕ್ಕೆ.

"ಅಜ್ಜಿ, ಪೂಜೆ ಯಾವ ಕಡೆ ನಿಂತು ಮಾಡಿದ್ರಿ?"

ಅಜ್ಜಿಯ ತುಟಿ ಅದುರಿತು. "ದೇವ್ರು ಪೂರ್ವಕ್ಕೆ ಮುಖ ಮಾಡ್ಬೇಕಲ್ಲವ್ವಾ. ತಿರುಗಿಸ್ದೆ. ಹಿಂದ್ಗಡೆ ಬಾಲ ಕಿತ್ಕೊಂಡು ಬಂತು. ಹೆಂಗೋ ತುರುಕಿ, ಮತ್ತೆ ಹಿಂಗೇ ತಿರುಗಿಸಿಟ್ಟೆ. ಮಗನಿಗೆ ತಿಳಿದ್ರೆ ಇನ್ ಈ ಮೆಟ್ಲೇ ಹತ್ಬೇಡ ಅಂತಾನೆ ಕಣವ್ವಾ."

ಬೆಳಗಿನಿಂದ ಬಾಯಿ ಬಿಡದೆ ಕೂತಿದ್ದರಲ್ಲ, ಎರಡು ಮಾತು ಅಂದುಬಿಡಬೇಕೆನಿಸಿತು. ಅಷ್ಟರಲ್ಲಿ ಕೆಳಗೆ, ಮಾಮುವನ್ನು ಕರೆತಂದ ಅಬ್ಬಾ ಕೆಮ್ಮಿದ್ದು ಕೇಳಿಸಿತು.

ಎಲ್ಲ ಆರಿಸಿ, ಪರದೆಯಿಂದ ಪೆಟ್ಟಿಗೆಯ ಹಿಂದಕ್ಕೆ ಬರುವ ವೈರು ಎಳೆದೆ. ಅರ್ಧಕ್ಕೆ ಸಿಕ್ಕಿಕೊಂಡಿದ್ದು ಸಲೀಸಾಗಿ ಬಂತು. ಅದರ ಬಾಯೊಳಗಿನ ಪಿನ್ನುಗಳಲ್ಲಿ ಒಂದು ಮಡಚಿ ಮಲಗಿತ್ತು. ಮುರಿದರೆ ಎಲ್ಲ ಮುಗಿಯಿತು. ದುಪಟ್ಟಾದ ಸೇಫ್ಟಿಪಿನ್ ಬಿಚ್ಚಿ ಅದರ ಅಡಿಗೆ ತೂರಿಸಿದೆ. ಬೆವರು ಕಣ್ಣಿಗಿಳಿಯುತ್ತಿತ್ತು. ಮೆಟ್ಟಿಲ ಮೇಲೆ ಮಾಮುವಿನ ಚಪ್ಪಲಿ ಸದ್ದು. ಅಜ್ಜಿ ಎದ್ದು ಬಾಗಿಲಿಗೆ ಅಡ್ಡ ನಿಂತರು.

"ಚಪ್ಪಲಿ ಅಲ್ಲೇ ಬಿಡಿ ಯಜಮಾನ್ರೆ. ಕಾಲೂ ತೊಳ್ಕೊಳಿ, ಪೂಜೆ ಆಗಿರೋ ಜಾಗ. ನಲ್ಲಿ ಕೆಳಗೈತೆ."

ಮಾಮು ಗೊಣಗುತ್ತ ಇಳಿದರು. ಪಿನ್ನು ಒಂದು ಕೂದಲೆಳೆಯಷ್ಟು ಎದ್ದಿತು, ಇನ್ನೊಂದಿಷ್ಟು ಎದ್ದಿತು, ನೆಟ್ಟಗಾಯಿತು. ಉಸಿರು ಹಿಡಿದು ವೈರನ್ನು ಕೂರಿಸಿ, ಸ್ಕ್ರೂ ಬಿಗಿದು, ಸ್ವಿಚ್ ಹಾಕಿದೆ. ಕಪ್ಪು. ಕಪ್ಪು. ಆಮೇಲೆ ವಿಭೂತಿಯ ಹಿಂದೆ ಒಂದು ಹಸಿರು ಗೀಟು ಮಿಣುಕಿತು.

ಒದ್ದೆ ಕಾಲಲ್ಲಿ ಬಂದ ಮಾಮುವಿಗೆ ಅವರ ಹೆಸರನ್ನೇ ಪರದೆಯ ತುಂಬ ಸಾಲುಸಾಲಾಗಿ ಬರೆಸಿ ತೋರಿಸಿದೆ. ಅಕ್ಷರಗಳು ಓಡುವುದನ್ನು ನೋಡಿ ಅವರು ಒಂದು ಹೆಜ್ಜೆ ಹಿಂದೆ ಸರಿದರು.

"ಇದ್ನ ಎಲ್ರೂ ಮಾಡ್ತಾರಾ?" ಎಂದು ಕೇಳಿದ್ದು ನನ್ನನ್ನಲ್ಲ, ಅಜ್ಜಿಯನ್ನು.

"ನನ್ ಮಗನೇ ಇದ್ರೂ ಇವತ್ತು ಇದು ಕಣ್ ಬಿಡ್ತಿರ್ಲಿಲ್ಲ. ಇವ್ಳಿಲ್ದಿದ್ರೆ ಈ ಅಂಗಡಿ ಮುಚ್ಚೋದೇಯ" ಎಂದರು ಅಜ್ಜಿ.

ಮಾಮು ಗಡ್ಡ ನೀವಿಕೊಂಡರು. ಮೆಟ್ಟಿಲಿಳಿಯುವಾಗ ಅಬ್ಬಾಗೆ ನಮ್ಮ ಮನೆಮಾತಿನಲ್ಲಿ, "ಆಗಲಿ ಗುಲಾಮ್ ನಬಿ, ಒಂದು ವರ್ಷ ನೋಡೋಣ" ಎಂದದ್ದು ನನಗೆ ಕೇಳಿಸಿತು. ಆಗ ಕುರ್ಚಿ ಎಳೆದು ಕೂತೆ.

ಅಜ್ಜಿ ಹತ್ತಿರ ಬಂದು ನನ್ನ ಭುಜ ಮುಟ್ಟಿದರು. "ಮಗನಿಗೆ ಹೇಳ್ಬೇಡ ಕಣವ್ವಾ."

"ಹೇಳಲ್ಲ. ಬರೋ ವರ್ಷ ತಿರುಗಿಸೋಕ್ ಮುಂಚೆ ನನ್ನ ಕೂಗಿ. ವೈರು ನಾನ್ ಬಿಚ್ಕೊಡ್ತೀನಿ" ಎಂದೆ.

ಬರೋ ವರ್ಷ ಎಂದ ಮೇಲೆ, ಆಗಲೂ ನಾನಿಲ್ಲೇ ಇರುತ್ತೇನೆಂಬುದು ಹೊಳೆದು ನನಗೆ ಅಳು ಬಂತು.